ಶಾಸನಾಧಿಕಾರಾಧ್ಯಾಯವೂ ನಗರಪಾಲಿಕೆಯ ಲೇಖನಕ್ರಮವೂ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಹತ್ತನೆಯದಾದ ಶಾಸನಾಧಿಕಾರಾಧ್ಯಾಯವು ರಾಜಲೇಖನದ ಗುಣದೋಷಗಳನ್ನು ನಿರೂಪಿಸುವ ಭಾಗವಾಗಿದೆ. ಈ ಗ್ರಂಥವನ್ನು ಬೆಳಕಿಗೆ ತಂದು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಅವಿದಿತವಲ್ಲ. ಮಾಧುರ್ಯ, ಔದಾರ್ಯ ಎಂದೊಡನೆ ವಿದ್ವಾಂಸರು ಕಾವ್ಯವನ್ನೇ ನೆನೆಯುವರಲ್ಲದೆ, ಆ ಹೆಸರುಗಳು ಆಡಳಿತದ ಪತ್ರಕ್ಕೂ ಸಲ್ಲುತ್ತಿದ್ದುವೆಂಬುದನ್ನು ನೆನೆಯುವುದು ಅಪೂರ್ವ. ಇಂದಿನ ನಗರಪಾಲಿಕೆಗಳಲ್ಲಿ ಚುನಾಯಿತ ಸದಸ್ಯ, ನೌಕರ, ಪೌರ ಈ ಮೂವರ ನಡುವಣ ಮಾತು ಎಲ್ಲಿ ಕಡಿದುಹೋಗುವುದೆಂಬುದನ್ನು ಪರೀಕ್ಷಿಸುವುದಕ್ಕೆ ಈ ಅಧ್ಯಾಯವು ಒಳ್ಳೆಯ ಒರೆಗಲ್ಲು. ಆದರೆ ಆ ಒರೆಗಲ್ಲಿಗೂ ಒಂದು ಮಿತಿಯುಂಟು.

ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನೂ, ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ದೋಷಗಳನ್ನೂ ಕೌಟಿಲ್ಯನು ಎಣಿಸಿರುವನು. ಪ್ರಧಾನವಾದ ವಿಷಯವನ್ನು ಮೊದಲು ಇಡುವುದೇ ಅರ್ಥಕ್ರಮ. ಕಚೇರಿಯ ಪ್ರಕಟನೆಗಳ ರೂಢಿಯಾದರೋ ಇದಕ್ಕೆ ವಿಪರೀತ. ಉಲ್ಲೇಖ, ಆದೇಶಸಂಖ್ಯೆ, ಅಧಿನಿಯಮದ ಪ್ರಕರಣ ಇವೆಲ್ಲ ಮುಂದೆ ನಿಂತು, ಬೀದಿಯನ್ನು ಯಾವ ದಿನ ಅಗೆಯುವರು, ತೆರಿಗೆಯನ್ನು ಎಂದಿನೊಳಗೆ ಕಟ್ಟತಕ್ಕುದು ಎಂಬ ಮಾತು ಕಟ್ಟಕಡೆಯ ಪಂಕ್ತಿಯಲ್ಲಿ ಅಡಗಿರುವುದು. ಸ್ಪಷ್ಟತ್ವವೆಂದರೆ ಪ್ರಸಿದ್ಧಶಬ್ದಗಳ ಪ್ರಯೋಗ. ಇಲ್ಲಿ ಪ್ರಸಿದ್ಧಿಯೇ ಪ್ರಮಾಣ, ಶಬ್ದದ ಕುಲವಲ್ಲ. ‘ಮಲಿನಜಲ ನಿರ್ಗಮನ ಪ್ರಣಾಳಿ’ ಎಂಬ ಸಮಾಸವು ಎಷ್ಟು ಶುದ್ಧವಾದರೂ ಬೀದಿಯವನಿಗೆ ತಿಳಿದಿರುವುದು ಮೋರಿ. ಅವನಿಗೆ ಬರೆಯುವ ಕಾಗದದಲ್ಲಿ ಮೋರಿಯೆಂದೇ ಬರೆಯತಕ್ಕುದು. ಔದಾರ್ಯಗುಣವು ಗ್ರಾಮ್ಯಶಬ್ದವನ್ನು ವರ್ಜಿಸುವುದಲ್ಲವೆ ಎಂದರೆ, ಅಸಭ್ಯವಾದುದು ಗ್ರಾಮ್ಯ, ಪರಿಚಿತವಾದುದಲ್ಲ. ಸಂಸ್ಕೃತಾಭಿಮಾನಿಗಳು ಇದರಿಂದ ನೊಂದುಕೊಳ್ಳಬೇಕಾದುದಿಲ್ಲ. ಹೀಗೆಂದು ವಿಧಿಸುವುದು ಸಂಸ್ಕೃತಗ್ರಂಥವೇ.

ಲಿಂಗ, ವಚನ, ಕಾಲ, ಕಾರಕಗಳ ಅನ್ಯಥಾಪ್ರಯೋಗವು ಅಪಶಬ್ದ. ‘ಪರಿಶೀಲಿಸಲಾಗುವುದು’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯಗಳಲ್ಲಿ ಕಾರಕದ ತಪ್ಪಿಲ್ಲ, ಲೋಪವಿದೆ. ಕರ್ಮಣಿಪ್ರಯೋಗದಲ್ಲಿ ಕರ್ತೃವನ್ನು ಹೇಳುವುದಾದರೆ ತೃತೀಯೆಯಿಂದ ಹೇಳಬೇಕು, ಹೇಳಲೊಲ್ಲದಿದ್ದರೆ ಬಿಡಬಹುದು. ವ್ಯಾಕರಣವು ವಿಕಲ್ಪವಾಗಿ ಬಿಟ್ಟುದನ್ನು ಕಚೇರಿಯ ಭಾಷೆಯು ನಿತ್ಯವಿಧಿಯಾಗಿ ಮಾಡಿಕೊಂಡಿದೆ. ಕಚೇರಿಯೆಂಬುದು ವ್ಯಕ್ತಿಯಲ್ಲವಾದುದರಿಂದ ಕರ್ತೃವನ್ನು ಮರೆಮಾಡುವುದೇ ಮರ್ಯಾದೆಯೆಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ಸುಲಭ: ಹೆಸರು ಬೇಡ, ಹುದ್ದೆ ಸಾಕು. ‘ವಾರ್ಡಿನ ಎಂಜಿನಿಯರರು ಬರುವ ಸೋಮವಾರ ಈ ಮೋರಿಯನ್ನು ನೋಡುವರು’ ಎಂದು ಬರೆದಲ್ಲಿ ಪೌರನು ಅಂದು ಬಾಗಿಲಲ್ಲಿ ಕಾದಿರಬಹುದು. ಎಂಜಿನಿಯರರು ಬಾರದಿದ್ದರೆ ಸದಸ್ಯನು ಕಾರಣವನ್ನು ಕೇಳಬಹುದು. ಕರ್ತೃವೂ ಕಾಲವೂ ಇಲ್ಲದ ವಾಕ್ಯದಲ್ಲಿ ಕಾಯುವುದಕ್ಕೂ ಕೇಳುವುದಕ್ಕೂ ಆಸ್ಪದವಿಲ್ಲ. ಅದು ಉತ್ತರದ ಆಕಾರದಲ್ಲಿರುವ ಮೌನ.

ಪ್ರತಿಲೇಖವೆಂಬ ಉತ್ತರಪತ್ರವನ್ನು ಕೌಟಿಲ್ಯನು ಬೇರೆಯ ಒಂದು ಭೇದವಾಗಿಯೇ ಎಣಿಸಿರುವುದು ಗಮನಾರ್ಹ. ಬಂದ ಲೇಖವನ್ನು ಯಥಾವತ್ತಾಗಿ ನೋಡಿ, ಅದನ್ನು ಅನುವಾದಮಾಡಿಕೊಂಡು, ಆಮೇಲೆ ಉತ್ತರವನ್ನು ಬರೆಯತಕ್ಕುದೆಂದು ಅವನ ಮತ. ಪೌರನು ಕೇಳಿದುದನ್ನು ಮೊದಲು ಅವನ ಮಾತಿನಲ್ಲಿಯೇ ಒಂದು ಪಂಕ್ತಿಯಾಗಿ ಬರೆದುಕೊಂಡರೆ ನೌಕರನು ಬೇರೆ ಪ್ರಶ್ನೆಗೆ ಉತ್ತರ ಕೊಡುವ ಪ್ರಮಾದವು ಬಹುಮಟ್ಟಿಗೆ ತಪ್ಪುವುದು. ಪರಿಪೂರ್ಣತೆಯ ಲಕ್ಷಣದಲ್ಲಿ ಹೇತುನಿರೂಪಣೆಯೂ ಸೇರಿದೆ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ೪ನೆಯ ಪ್ರಕರಣವೂ ನಿರ್ಣಯದ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕೆಂದೂ, ಮಾಹಿತಿಯನ್ನು ಹರಡುವಾಗ ಸ್ಥಳೀಯ ಭಾಷೆಯನ್ನು ಲಕ್ಷ್ಯದಲ್ಲಿಡಬೇಕೆಂದೂ ವಿಧಿಸಿದೆ.

ಇನ್ನು ಮಿತಿಯ ವಿಚಾರ. ಪ್ರತಿಲೇಖವು ಕಡೆಗೆ ರಾಜನ ಮಾತಿಗೆ ಅನುಸಾರವಾಗಿರಬೇಕೆಂದು ಕೌಟಿಲ್ಯನು ಹೇಳುವನು. ಅವನ ಲೇಖಕನು ಏಕಾಗ್ರಚಿತ್ತನಾಗಿ ಕೇಳುವುದು ಪ್ರಭುವಿನ ಸಂದೇಶವನ್ನು. ಪೌರನೇ ಪ್ರಭುವಾದಲ್ಲಿ ಈ ಏರ್ಪಾಡು ಸಾಲದು. ಪೌರನ ಮಾತನ್ನು ಕಚೇರಿಗೂ, ಕಚೇರಿಯ ಕಾರಣವನ್ನು ಪೌರನಿಗೂ ಮುಟ್ಟಿಸುವ ಮಧ್ಯಮನು ಬೇಕು. ೧೯೯೩ರ ಜೂನ್ ೧ರಂದು ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ೩ ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿ, ಸಮಿತಿಯು ಒಂದೇ ವಾರ್ಡಿನದಾದಲ್ಲಿ ಆ ವಾರ್ಡಿನ ಚುನಾಯಿತ ಸದಸ್ಯನನ್ನೇ ಅಧ್ಯಕ್ಷನನ್ನಾಗಿ ಮಾಡಿದುದು ಈ ಕಾರ್ಯಕ್ಕೆ ಅನುಕೂಲವಾದ ಸ್ಥಾನವೇ ಸರಿ. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ೨೦೨೫ರಲ್ಲಿ ಆ ಪಾಲಿಕೆಯು ಐದಾಗಿ ವಿಭಾಗಹೊಂದುವವರೆಗೂ ಚುನಾವಣೆಯು ನಡೆಯಲಿಲ್ಲ. ಸುಮಾರು ಐದು ವರ್ಷ ಮಧ್ಯಮನಿಲ್ಲದ ಸಂಭಾಷಣೆಯಾಯಿತು. ಅಂಥ ಕಾಲದಲ್ಲಿ ಕರ್ತೃಲೋಪವು ಭಾಷೆಯದು ಮಾತ್ರವಲ್ಲ, ಆಡಳಿತದ್ದೇ ಆಗುವುದು. ಮಧ್ಯಮನು ಬಂದರೂ, ಉತ್ತರಪತ್ರದಲ್ಲಿ ಕರ್ತೃವಿಲ್ಲದಿದ್ದರೆ ಅವನು ಯಾರನ್ನು ಕೇಳಿಯಾನು?

ಈ ದೋಷದ ಪರಿಹಾರವು ಬಹುಪಾಲು ಕನ್ನಡದ ಅಧ್ಯಾಪಕರ ಕೈಯಲ್ಲಿದೆ. ಪಾಠಶಾಲೆಯ ಪತ್ರಲೇಖನದಲ್ಲಿ ಅರ್ಜಿ ಬರೆಯುವುದನ್ನು ಕಲಿಸುವುದು ರೂಢಿ. ಅರ್ಜಿಗೆ ಉತ್ತರ ಬರೆಯುವುದನ್ನು ಕಲಿಸುವುದು ವಿರಳ. ನಾಳೆ ಪಾಲಿಕೆಯ ಮೇಜಿನ ಹಿಂದೆ ಕೂರುವವನೂ, ಅದರ ಮುಂದೆ ನಿಲ್ಲುವವನೂ, ವಾರ್ಡಿಗೆ ಆರಿಸಿಬರುವವನೂ ಇಂದು ಒಂದೇ ತರಗತಿಯಲ್ಲಿ ಕುಳಿತಿರುವರು.