ನಾರಣಪ್ಪನ ಹೆಣ: ‘ಸಂಸ್ಕಾರ’ದ ಪುನರ್ವಿಮರ್ಶೆ

ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ ಕಾದಂಬರಿಯ ಮೇಲೆ ಈವರೆಗೆ ಬಂದಿರುವ ವಿಮರ್ಶೆಗಳು ಅಲ್ಪವಲ್ಲ. ಅವುಗಳಲ್ಲಿ ಹೆಚ್ಚಿನವು ಪ್ರಾಣೇಶಾಚಾರ್ಯನ ಅಂತರಂಗದ ತೊಳಲಾಟವನ್ನೂ ಅಗ್ರಹಾರದ ಜಡತೆಯನ್ನೂ ವಿವೇಚಿಸಿ ಕೃತಕೃತ್ಯವಾಗಿವೆ. ಆದರೆ ಕಥೆಗೆ ಮೂಲವಾದುದು ಒಂದು ಹೆಣ. ರೋಗದಿಂದ ಮಡಿದು, ಆಚಾರಭ್ರಷ್ಟನೆಂಬ ಕಾರಣದಿಂದ ದಹನಕ್ಕೆ ದಿಕ್ಕಿಲ್ಲದೆ ಮನೆಯಲ್ಲಿಯೇ ಬಿದ್ದಿರುವ ನಾರಣಪ್ಪನ ಹೆಣ. ಏಡ್ಸ್ ರೋಗದಿಂದ ಗತಿಸಿದವರನ್ನು ಬಲ್ಲ ಈ ಕಾಲದ ವಾಚಕನು ಅದನ್ನು ಬದಿಗೆ ಸರಿಸಿ ಮುಂದೆ ಓದಲಾರನು. ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರೂ ಅವರ ಶಿಷ್ಯೆ ನಿರ್ಮಲಾ ಅವರೂ ಈ ಸೋಂಕನ್ನು ಭಾರತದಲ್ಲಿ ಪ್ರಥಮವಾಗಿ ಪತ್ತೆಹಚ್ಚಿದ್ದು 1986ರಲ್ಲಿ. ಹೀಗೆ ಸತ್ತವನಿಗೆ ಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಯನ್ನು ಕಾದಂಬರಿಯು ಅದಕ್ಕೆ 21 ವರ್ಷಗಳ ಮೊದಲೇ ಕೇಳಿತ್ತು.

ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪನು ಜ್ವರ ಹಿಡಿದು ಸಾಯುವನು. ಅನಂತರ ಅಗ್ರಹಾರದ ಮೇಲೆರಗುವ ಹದ್ದುಗಳನ್ನೂ ಸಾವುಗಳನ್ನೂ ಬ್ರಾಹ್ಮಣರು ಅಧರ್ಮದ ಫಲವೆಂದೇ ಬಗೆಯುವರು. ಆದರೆ ಗ್ರಂಥಕರ್ತರು ಯಾರನ್ನು ಕೊಂದು ಯಾರನ್ನು ಉಳಿಸಿದರೆಂಬುದನ್ನು ನೋಡಬೇಕು. ಬಡ ದಾಸಾಚಾರ್ಯನು ಸತ್ತನು. ಹಾಸಿಗೆ ಹಿಡಿದಿದ್ದ ಸಾಧ್ವಿ ಭಾಗೀರಥಿ ಸತ್ತಳು. ಬೆಳ್ಳಿಯ ತಂದೆತಾಯಿಗಳು ಸತ್ತರು. ನಾರಣಪ್ಪನೊಡನೆ ಬಾಳಿದ ಚಂದ್ರಿಯಾದರೋ ಬದುಕಿದಳು! ಪಾಪಪುಣ್ಯಗಳ ಲೆಕ್ಕವನ್ನು ವ್ಯಾಧಿಯ ತಲೆಗೆ ಕಟ್ಟುವವರಿಗೆ ಇದಕ್ಕಿಂತ ಮಾರ್ಮಿಕವಾದ ಉತ್ತರವು ಬೇಕಿಲ್ಲ.

ಏಡ್ಸ್ ವಿಷಯದಲ್ಲಿಯೂ ಹೀಗೆಯೇ. ಗಂಡನಿಂದ ಸೋಂಕು ತಗುಲಿದ ಪತಿವ್ರತೆಯೂ, ತಾಯಿಯ ಒಡಲಿನಿಂದಲೇ ಅದನ್ನು ಪಡೆದ ಶಿಶುವೂ, ಸೋಂಕಿದ ರಕ್ತವನ್ನು ಏರಿಸಿಕೊಂಡ ರೋಗಿಯೂ ಯಾವ ಅಪರಾಧವನ್ನು ಮಾಡಿದ್ದರು? ಅಪರಾಧ ಮಾಡಿದವನೆಂದೇ ಇಟ್ಟುಕೊಂಡರೂ, ಅವನ ಹೆಣವು ಹೆಣವಲ್ಲವೆ? ದೂರ್ವಾಸಪುರದವರಿಗಾದರೂ ಪ್ಲೇಗಿನ ಭಯವೆಂಬ ನೆಪವುಂಟು. ಏಡ್ಸಿನಲ್ಲಿ ಆ ನೆಪವೂ ನಿಲ್ಲದು. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಕೈಹಿಡಿದು ಉಪಚರಿಸುವುದರಿಂದ, ಸೊಳ್ಳೆಯ ಕಡಿತದಿಂದ ಈ ಸೋಂಕು ಹರಡದು. 2004ರ ಏಪ್ರಿಲ್ 1ರಿಂದ ಸರ್ಕಾರವು ಇದಕ್ಕೆ ಔಷಧವನ್ನು ಧರ್ಮಾರ್ಥವಾಗಿ ಕೊಡುತ್ತಿದೆ. ಅದನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಸಿಕ್ಕದಷ್ಟು ಕ್ಷೀಣಿಸಿದವರಿಂದ ದಾಂಪತ್ಯದಲ್ಲಿಯೂ ಸೋಂಕು ದಾಟದೆಂಬುದು ಈಗ ಸಿದ್ಧಪಟ್ಟ ಸಂಗತಿ.

‘ಸಂಸ್ಕಾರ’ವೆಂಬ ಶಬ್ದದಲ್ಲಿ ನಡುವೆ ಬರುವ ಸಕಾರವನ್ನು ವೈಯಾಕರಣರು ಭೂಷಣಾರ್ಥದಲ್ಲಿ ವಿಧಿಸಿರುವರು, ಎಂದರೆ ಅಲಂಕರಿಸುವುದೇ ಆ ಶಬ್ದದ ಮೂಲಾರ್ಥ. ಪ್ರಾಣೇಶಾಚಾರ್ಯನು ತಾಳೆಗರಿಗಳನ್ನು ತಿರುವಿದನು, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕೆ ಕಾದನು, ಉತ್ತರ ದೊರೆಯಲಿಲ್ಲ. ಮೈಮೇಲಿನ ಒಡವೆಗಳನ್ನು ಶವಸಂಸ್ಕಾರಕ್ಕೆಂದು ಬಿಚ್ಚಿಟ್ಟವಳು ಚಂದ್ರಿ. ಕೊನೆಗೆ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ, ಅಗ್ರಹಾರವರಿಯದಂತೆ, ಇರುಳಿನಲ್ಲಿ ದಹಿಸಿದವಳೂ ಅವಳೇ. ವ್ಯಾಕರಣವನ್ನರಿಯದವಳು ಶಬ್ದದ ಅರ್ಥವನ್ನು ಉಳಿಸಿದಳು.

ಅಮೆರಿಕೆಯಲ್ಲಿಯೂ ಉತ್ತರಕ್ರಿಯೆಗೆ ನಿಂತವರು ಚಂದ್ರಿಯಂಥವರೇ. ಶವಗಳನ್ನು ಸ್ವೀಕರಿಸಲು ಅಲ್ಲಿನ ಅನೇಕ ಅಂತ್ಯಕ್ರಿಯಾಗೃಹಗಳು ಒಪ್ಪದಿದ್ದ ಕಾಲದಲ್ಲಿ, ಕ್ಲೀವ್ ಜೋನ್ಸ್ ಎಂಬವರ ಪ್ರೇರಣೆಯಿಂದ ಮಿತ್ರರೂ ಬಂಧುಗಳೂ ಮೃತರ ಹೆಸರುಗಳನ್ನು ಬಟ್ಟೆಯ ಮೇಲೆ ಹೊಲಿದರು. ಒಂದೊಂದು ತುಂಡೂ ಸಮಾಧಿಯ ಅಳತೆಯದು, 3 ಅಡಿ ಅಗಲ, 6 ಅಡಿ ಉದ್ದ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಹಾಸಿದಾಗ ಅವು 1,920 ಇದ್ದವು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ಅಜ್ಜಿಯರಿಗೆ ಇದರ ಭಾವವನ್ನು ವಿವರಿಸಬೇಕಾದುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳು ವ್ಯಾಧಿಯನ್ನರಿಯದ ಸೀಮೆಗಳಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು 2019ರ ಮೊದಲ ತಿಂಗಳುಗಳಲ್ಲಿ ಸಾಗರದ ಅರಳಗೋಡಿನ ಸುತ್ತ ಜೀವಗಳನ್ನು ಬಲಿತೆಗೆದುಕೊಂಡಾಗ ಸತ್ತವರ ಮನೆಯವರು ರೋಗದ ಹೆಸರನ್ನು ಮರೆಮಾಚಬೇಕಾಗಲಿಲ್ಲ. ಉಣುಗು ಕಚ್ಚಿದ್ದಕ್ಕೆ ನಾಚಿಕೆಯೇಕೆ? ಏಡ್ಸಿನಿಂದ ಸತ್ತವನನ್ನು ಮಾತ್ರ ಕ್ಷಯದಿಂದ ಸತ್ತನೆನ್ನುವರು. ಈ ಸೋಂಕುಳ್ಳವರನ್ನು ಹೆಚ್ಚಾಗಿ ಕೊಲ್ಲುವುದು ಕ್ಷಯವೇ ಆದಕಾರಣ ಅದು ಪೂರ್ಣ ಸುಳ್ಳಲ್ಲ; ಅರ್ಧ ಸತ್ಯ. ಡಿಸೆಂಬರ್ 1ರ ಮೆರವಣಿಗೆಗಳಲ್ಲಿಯೂ ರೋಗದ ಭಯವನ್ನು ಸಾರುವ ಘೋಷಣೆಗಳೇ ಹೆಚ್ಚು, ಸತ್ತವರ ಮಾತು ಕಡಿಮೆ.

ಕಾದಂಬರಿಯ ದೋಷವೂ ಇಲ್ಲಿಯೇ ಇದೆ. ಉತ್ತರಾರ್ಧವು ಆಚಾರ್ಯನ ಬೆನ್ನುಹತ್ತಿ ಮೇಳಿಗೆಯ ಜಾತ್ರೆಗೆ ಹೋಗುವುದು. ಪುಟ್ಟನ ಹರಟೆಗೆ ದೊರೆತ ಪುಟಗಳು ಚಂದ್ರಿಯ ಶೋಕಕ್ಕೆ ದೊರೆಯಲಿಲ್ಲ. ಚಿತೆ ಹೊತ್ತಿಸಿ ಅವಳು ಕುಂದಾಪುರದ ದಾರಿ ಹಿಡಿಯುವಳು, ಕಥೆ ಅವಳನ್ನು ಬಿಟ್ಟುಬಿಡುವುದು. ಆಚಾರ್ಯನ ಸಂದೇಹಗಳು ದೊಡ್ಡವು, ನಿಜ. ಅವಳ ದುಃಖ ಸಣ್ಣದೆಂದು ಯಾರು ಅಳೆದರು?

ಆದರೂ ಅವಳು ಹೆಸರು ಹೇಳದೆ ಹೋದುದರಲ್ಲಿ ಒಂದು ಔಚಿತ್ಯವುಂಟು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಕಾಯಿದೆಯು ಸೋಂಕಿತರನ್ನು ಭೇದದಿಂದ ಕಾಣುವುದನ್ನು ನಿಷೇಧಿಸಿದೆ. ಸಮ್ಮತಿಯಿಲ್ಲದೆ ಅವರ ಸ್ಥಿತಿಯನ್ನು ಹೊರಗೆಡಹುವುದನ್ನೂ ತಡೆದಿದೆ. ಆದಕಾರಣ ಬಟ್ಟೆಯ ಮೇಲೆ ಹೆಸರನ್ನು ಹೊಲಿಯುವುದೋ ಬಿಡುವುದೋ ಎಂಬುದನ್ನು ಮನೆಯವರೇ ನಿಶ್ಚಯಿಸತಕ್ಕದ್ದು. 1983ರಿಂದ ಮೇ ತಿಂಗಳಲ್ಲಿ ಈ ಮೃತರಿಗಾಗಿ ಲೋಕದ ನಾನಾ ಕಡೆ ದೀಪ ಹಚ್ಚುವ ಪದ್ಧತಿಯಿದೆ. ದೀಪಕ್ಕೆ ಹೆಸರು ಬೇಕಾಗುವುದಿಲ್ಲ.