ಸಾವಿರ ಅಡಿಯ ನಿಯಮ

2010ರ ಮೇ 22ರ ಬೆಳಗ್ಗೆ ಮಂಗಳೂರಿನ ರನ್‌ವೇ ಅಂಚು ದಾಟುವಾಗ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಸುಮಾರು 200 ಅಡಿ ಎತ್ತರದಲ್ಲಿತ್ತು. ಇರಬೇಕಾದದ್ದು 50 ಅಡಿ. ವೇಗ 144 ನಾಟ್ ಇರಬೇಕಾದ ಕಡೆ 160 ದಾಟಿತ್ತು. ಕೇಳುವುದಕ್ಕೆ ಸಣ್ಣ ವ್ಯತ್ಯಾಸವೇ. ಆದರೆ ಚಲನಶಕ್ತಿ ಏರುವುದು ವೇಗದ ವರ್ಗದಲ್ಲಿ. ಆ 16 ನಾಟ್‌ಗೆ ಬ್ರೇಕು ನುಂಗಬೇಕಾದ ಶಕ್ತಿ ಶೇ 23ರಷ್ಟು ಹೆಚ್ಚುತ್ತದೆ. ಮಿಗಿಲಾದ 150 ಅಡಿ ಎತ್ತರವನ್ನು ಮಾಮೂಲಿ ಮೂರು ಡಿಗ್ರಿ ಇಳಿಜಾರಿನಲ್ಲಿ ಕಳೆಯಲು ಸುಮಾರು 2,860 ಅಡಿ ರನ್‌ವೇ ಬೇಕು. ಗುಡ್ಡದ ತಲೆಯ ಮೇಲಿನ ಆ 8,033 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. 158 ಜನ ಸತ್ತರು.

ಇಂಥದ್ದನ್ನು ತಡೆಯಲೆಂದೇ ‘ಸ್ಟೆಬಿಲೈಸ್ಡ್ ಅಪ್ರೋಚ್’ ನಿಯಮವಿದೆ. ಮೋಡ ಕವಿದಿದ್ದರೆ 1,000 ಅಡಿ, ತಿಳಿಯಾಗಿದ್ದರೆ 500 ಅಡಿಗೆ ಬರುವಷ್ಟರಲ್ಲಿ ಚಕ್ರ, ಫ್ಲಾಪ್, ವೇಗ, ಇಳಿತದ ದರ ಎಲ್ಲವೂ ಹದಕ್ಕೆ ಬಂದಿರಬೇಕು. ಬಾರದಿದ್ದರೆ ಗೋ ಅರೌಂಡ್, ಇಳಿಯದೆ ಮತ್ತೆ ಮೇಲೇರಬೇಕು. ನಿಯಮದಲ್ಲಿ ನನಗೆ ಕೊರತೆ ಕಾಣುವುದಿಲ್ಲ. ತಕರಾರಿರುವುದು ಅದರ ಪಾಲನೆಯ ಬಗ್ಗೆ. ಫ್ಲೈಟ್ ಸೇಫ್ಟಿ ಫೌಂಡೇಶನ್ನಿನ ಅಧ್ಯಯನದಂತೆ, ಹದ ತಪ್ಪಿದ ಅಪ್ರೋಚ್‌ಗಳಲ್ಲಿ ಗೋ ಅರೌಂಡ್ ಮಾಡುವವು ಶೇ 3ರಷ್ಟು ಮಾತ್ರ. ಮಿಕ್ಕವು ಬಹುತೇಕ ಕ್ಷೇಮವಾಗಿಯೇ ಇಳಿಯುತ್ತವೆ, ನಿಯಮ ಮೀರಿದರೂ ನಡೆಯುತ್ತದೆ ಎಂಬ ಧೈರ್ಯ ಬಲಿಯುವುದು ಹಾಗೆಯೇ.

ಇನ್ನೊಂದು ಮಾತು. ಈ ನಿಯಮ ಕಣ್ಣು ತೆರೆಯುವುದು ಕೊನೆಯ ಮೂರು ಮೈಲಿಯಲ್ಲಿ. ಸಾವಿರ ಅಡಿಗೆ ಮೂರು ಮೈಲಿ ಎಂಬುದು ಪೈಲಟ್‌ಗಳ ರೂಢಿಯ ಲೆಕ್ಕ. 37,000 ಅಡಿಯಿಂದ ಇಳಿಯಲು ನೂರಹತ್ತು ಮೈಲಿ ಮೊದಲೇ ಹೊರಡಬೇಕು. ಅಂದು ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ಸ್ಪೀಡ್‌ಬ್ರೇಕ್ ಎತ್ತಿ, ಸುಮಾರು 8,500 ಅಡಿಯಲ್ಲೇ ಚಕ್ರ ಬಿಟ್ಟರೂ ಎತ್ತರ ಕರಗಲಿಲ್ಲ. ಜೆಟ್ ವಿಮಾನ ಇಳಿಯುತ್ತದೆ, ಇಲ್ಲವೇ ನಿಧಾನಿಸುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸುವುದು ಬಲು ಕಷ್ಟ. ತಡವಾದ ಇಳಿತವನ್ನು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸದೆ ಕೊನೆಯ ಗಳಿಗೆಯ ನಿಯಮಕ್ಕೆ ಜೋತುಬೀಳುವುದು ಸರಿಯಲ್ಲ.

ಕ್ಯಾಪ್ಟನ್ ಹಾರಾಟದ ಬಹುಹೊತ್ತು ನಿದ್ದೆಯಲ್ಲಿದ್ದರೆಂದು ತನಿಖಾ ವರದಿ ಹೇಳಿತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಎಂದರು. ‘ಪುಲ್ ಅಪ್’ ಎಂದು ಯಂತ್ರವೂ ಕೂಗಿತು. ಆ ಮೂರು ಕೂಗು ಕಾಕ್‌ಪಿಟ್‌ನಲ್ಲಿ ಬರೀ ಸಲಹೆಯಾಗಿ ಉಳಿದದ್ದೇ ನನ್ನನ್ನು ಹೆಚ್ಚು ಕಾಡುತ್ತದೆ. ಗೋ ಅರೌಂಡ್ ಎಂದು ಯಾರೇ ಹೇಳಲಿ, ಎಷ್ಟೇ ಕಿರಿಯರಿರಲಿ, ಅದು ಅಪ್ಪಣೆಯಾಗಬೇಕು. ಕ್ಯಾಪ್ಟನ್ ಕದಲದಿದ್ದರೆ ಕೋ-ಪೈಲಟ್ ಥ್ರಸ್ಟ್ ಲಿವರ್‌ಗೆ ಕೈ ಹಾಕಬೇಕು, ಹಾಕಿದವರನ್ನು ಕಂಪನಿ ಬೆಂಬಲಿಸಬೇಕು.