ಹೀಟರ್ ಸೋರುವಾಗ ಮೊದಲು ನೋಡಬೇಕಾದದ್ದು

ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಕಾರಿನ ಮುಂಗಾಜು ಒಳಗಿನಿಂದ ಮಂಜಾಗುವುದು ಹೊಸದಲ್ಲ. ಒರೆಸಿದರೆ ಹೋಗಬೇಕು. ಒರೆಸಿದಷ್ಟೂ ಜಿಡ್ಡು ಹರಡಿ, ಬ್ಲೋವರ್ ಹಾಕಿದೊಡನೆ ಸಿಹಿಯಾದ ವಾಸನೆ ಬಂದರೆ ಅದು ಮಳೆಯ ತೇವವಲ್ಲ, ಕೂಲೆಂಟ್. ಡ್ಯಾಶ್‌ಬೋರ್ಡಿನೊಳಗೆ ಹೀಟರ್ ಸೋರುತ್ತಿದೆ ಎಂದೇ ಅರ್ಥ.

ಎಂಜಿನ್ನಿನ ಬಿಸಿ ಕೂಲೆಂಟ್ ಎರಡು ರಬ್ಬರ್ ಹೋಸುಗಳಲ್ಲಿ ಹರಿದು, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರನ್ನು, ಅಂದರೆ ಹೀಟರ್ ಕೋರನ್ನು ಸುತ್ತಿಕೊಂಡು ಮರಳುತ್ತದೆ. ಎಷ್ಟೋ ಕಾರುಗಳಲ್ಲಿ ನಾವು ಹೀಟರ್ ಮುಟ್ಟದಿದ್ದರೂ ಈ ಹರಿವು ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಸೋರಿದ್ದು ಎಂಜಿನ್ನಿನ ಪಾಲಿನ ನೀರೇ. ತಾತ್ಸಾರ ಮಾಡಿದರೆ ಕೊನೆಗೆ ಹೋಗುವುದು ಹೆಡ್ ಗ್ಯಾಸ್ಕೆಟ್.

ಮುಂದಿನ ಕಾರ್ಪೆಟ್ ಒದ್ದೆಯಾಗಿದ್ದರೆ ಬಿಳಿ ಟಿಶ್ಯೂ ಒತ್ತಿ ನೋಡಿ. ಬಣ್ಣವಿಲ್ಲ, ಬೆರಳಿಗೆ ಜಾರುವುದಿಲ್ಲ ಎಂದಾದರೆ ಎಸಿ ನೀರು ಹೊರಹೋಗುವ ಕೊಳವೆ ಕಟ್ಟಿರಬೇಕು. ಹಸಿರು ಅಥವಾ ಗುಲಾಬಿ ಬಣ್ಣ, ನುಣುಪು ಎರಡೂ ಇದ್ದರೆ ಕೂಲೆಂಟ್. ನಾಲಗೆಗೆ ಮಾತ್ರ ತಾಗಿಸಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಗೆ ಮರುಳಾಗಿ ನೆಕ್ಕಿದ ನಾಯಿ, ಬೆಕ್ಕುಗಳು ಉಳಿಯುವುದು ಕಷ್ಟ.

ಕಾರ್ಪೆಟ್ ಒಣಗಿದ್ದೂ ಕೂಲೆಂಟ್ ಇಳಿಯುತ್ತಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಡಬೇಡಿ, ಬಾನೆಟ್ ಎತ್ತಿ. ಕೋರಿಗಿಂತ ಮೊದಲು ಹೋಸನ್ನೇ ಅನುಮಾನಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ನೋಡಲು ಒಳ್ಳೆಯ ಹೊತ್ತು ಬೆಳಗ್ಗೆ. ತಣ್ಣಗಾದ ರಬ್ಬರ್ ಕುಗ್ಗಿ ಕ್ಲಿಪ್ಪಿನ ಹಿಡಿತ ಸಡಿಲವಾದಾಗಷ್ಟೇ ಹನಿಯುವ, ಬಿಸಿಯಾದೊಡನೆ ಮುಚ್ಚಿಕೊಳ್ಳುವ ಸೋರಿಕೆಗಳಿವೆ. ಹೋಸಿನ ತುದಿಯಲ್ಲಿ ಒಣಗಿದ ಬಣ್ಣದ ಹಕ್ಕಳೆ ಕಂಡರೆ ಜಾಗ ಸಿಕ್ಕಿತು.

ಎಂಜಿನ್ ಪೂರ್ತಿ ತಣಿಯದೆ ಕೂಲೆಂಟಿನ ಮುಚ್ಚಳಕ್ಕೆ ಕೈ ಹಾಕಕೂಡದು. ಒಳಗೆ ಸುಮಾರು 1 ಬಾರ್ ಒತ್ತಡವಿರುತ್ತದೆ, ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಹಳೆಯ ಹೋಸ್ ಕೊಳವೆಗೆ ಅಂಟಿಕೊಂಡಿರುತ್ತದೆ. ಇಕ್ಕಳದಲ್ಲಿ ತಿರುಚಿ ಎಳೆಯುವ ಆತುರವೇ ಅಪಾಯ: ಕೋರಿನ ಕೊಳವೆ ತೆಳ್ಳನೆಯ ಲೋಹದ್ದು, ಬೆಸುಗೆ ಬಿಟ್ಟರೆ ಇಲ್ಲದ ಖರ್ಚು ಮೈಮೇಲೆ ಬರುತ್ತದೆ. ಬ್ಲೇಡಿನಿಂದ ರಬ್ಬರನ್ನು ಉದ್ದಕ್ಕೆ ಸೀಳಿ, ಬಾಳೆದಿಂಡಿನ ಪಟ್ಟೆಯಂತೆ ಬಿಡಿಸಿ ತೆಗೆಯಿರಿ. ಕೊಳವೆಯ ಕಿಲುಬನ್ನು ನಯವಾಗಿ ಉಜ್ಜಿ ಹೊಸ ಹೋಸ್ ಕೂರಿಸಿ. ಸ್ಕ್ರೂ ಕ್ಲಿಪ್ಪಿಗಿಂತ ಸ್ಪ್ರಿಂಗ್ ಕ್ಲಿಪ್ಪನ್ನೇ ನಾನು ಮೆಚ್ಚುತ್ತೇನೆ. ರಬ್ಬರ್ ಹಿಗ್ಗಿದರೂ ಕುಗ್ಗಿದರೂ ಅದರ ಬಿಗಿ ತಪ್ಪುವುದಿಲ್ಲ.

ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ. ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅವು ಸರಿ. ಮನೆಯಲ್ಲಿ ನಿಂತ ಕಾರಿಗೆ ಬೇಡ, ಕೋರಿನ ಸಣ್ಣ ಸಂದುಗಳನ್ನೇ ಅವು ಕಟ್ಟಬಲ್ಲವು.

ತುಂಬುವಾಗ ಕೂಲೆಂಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ. ಬೋರ್‌ವೆಲ್‌ನ ಗಡಸು ನೀರು ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಬೆರೆಸಿಯೇ ಬರುವ ಡಬ್ಬಿಯಾದರೆ ನೀರು ಬೇಡ. ಬಳಿಕ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಗಾಳಿ ಹೊರಡಿಸಿ. ಎಂಜಿನ್ ಬಿಸಿಯಾದರೂ ಬ್ಲೋವರಿನಿಂದ ತಣ್ಣನೆ ಗಾಳಿ ಬಂದರೆ ಒಳಗಿನ್ನೂ ಗಾಳಿ ಸಿಕ್ಕಿಕೊಂಡಿದೆ.

ಕೋರೇ ತೂತಾಗಿದ್ದರೆ ಅದು ವರ್ಕ್‌ಶಾಪಿನ ಕೆಲಸ. ಹಲವು ಕಾರುಗಳಲ್ಲಿ ಎಸಿ ಗ್ಯಾಸ್ ತೆಗೆಯದೆ ಕೋರ್ ಇರುವ ಪೆಟ್ಟಿಗೆ ಕಳಚುವುದಿಲ್ಲ. ಅಲ್ಲಿಯವರೆಗೆ ಎರಡೂ ಹೋಸುಗಳನ್ನು ಒಂದಕ್ಕೊಂದು ಜೋಡಿಸಿ ಕೋರನ್ನು ಬಿಟ್ಟು ಓಡಿಸಬಹುದು. ಬಳ್ಳಾರಿ, ರಾಯಚೂರಿನ ಬಿಸಿಲಲ್ಲಿ ಅದು ನಡೆಯುತ್ತದೆ. ಮಡಿಕೇರಿಯವರು ಜೂನ್‌ಗೆ ಮುಂಚೆ ಹೊಸ ಕೋರ್ ಹಾಕಿಸಿಕೊಳ್ಳಲಿ.